ತಿಕ್ಕಿದರೂ ಹೋಗದ ಕಪ್ಪು

ಶೇಡಬಾಳದ ಚಂದ್ರಮತಿ ಮಗಳ ಕುತ್ತಿಗೆಗೆ ಕಡಲೆಹಿಟ್ಟು ಹಚ್ಚಿ ತಿಕ್ಕುತ್ತಿದ್ದಳು. ಹದಿನಾರು ವರ್ಷದ ಅಪೂರ್ವಳ ಕುತ್ತಿಗೆಯ ಹಿಂದೆ ಕಪ್ಪು ಪಟ್ಟೆ ಬಿದ್ದಿತ್ತು. ಚರ್ಮ ಸುಲಿಯಿತೇ ಹೊರತು ಕಪ್ಪು ಹೋಗಲಿಲ್ಲ. ಹುಡುಗಿ ಸದ್ದಿಲ್ಲದೆ ಅಳುತ್ತಿದ್ದಳು.

“ಅದು ಹೊಲಸಲ್ಲ, ಬಿಡವಾ,” ಎಂದಳು ಪಕ್ಕದ ಮನೆಯ ಸಕ್ಕುಬಾಯಿ. “ಮುಟ್ಟು ಬರೋಬ್ಬರಿ ಆಗತೈತೇನ ಹುಡುಗಿಗೆ?”

“ಐದ ತಿಂಗಳಾತು, ಆಗಿಲ್ಲ ಮಾವಶಿ. ಚಲೋನ ಆತು. ದಶಲಕ್ಷಣ ಪರ್ವದ ಹತ್ತು ದಿನದಾಗ ಒಂದು ದಿನಾನೂ ಹೊರಗ ಕೂಡಲಿಲ್ಲ, ದಿನಾ ಬಸದಿಗೆ ಹೋದ್ಲು. ಎಲ್ಲಾರೂ ಪುಣ್ಯವಂತಿ ಅಂದ್ರು.”

ಏನು ಹೇಳೋಣ ಇಂಥ ತಾಯಿಗೆ? ರೋಗ ಮನೆಯೊಳಗೆ ಬಂದು ಕೂತಿದೆ, ಈಕೆ ಅದನ್ನೇ ಪುಣ್ಯ ಎಂದುಕೊಂಡಿದ್ದಾಳೆ.

ಸಕ್ಕುಬಾಯಿಯ ದನಿ ಸಣ್ಣದಾಯಿತು. “ನನ್ನ ಮಗಳು ರೂಪಾಲಿಗೂ ಹಿಂಗ ಇತ್ತು. ಮದುವಿ ಆದ್ರ ಸರಿ ಹೋಗತೈತಿ ಅಂತ ಸುಮ್ಮನಾದ್ವಿ. ಇಪ್ಪತ್ತಮೂರಕ್ಕ ಸಕ್ಕರಿ ಬ್ಯಾನಿ ಬಂತು. ‘ಆವಾಗ್ಯಾಕ ದವಾಖಾನಿಗೆ ಒಯ್ಯಲಿಲ್ಲ’ ಅಂತ ಕೇಳತಾಳ. ಏನ ಹೇಳಲಿ ನಾನು?”

ಕಟ್ಟೆಯ ಮೇಲಿದ್ದ ತಂದೆ ಜಿನ್ನಪ್ಪ ಸಿಡುಕಿದ. “ಹೆಂಗಸರ ಡಾಕ್ಟರ ಕಡೆ ಒಯ್ದದ್ದು ಮಂದಿಗೆ ಗೊತ್ತಾದ್ರ ನಾಳೆ ಲಗ್ನಕ್ಕ ಸೋಯರಿಕಿ ಬರತಾವೇನ ಮಾವಶಿ?”

ಆಗ ಅಪೂರ್ವ ಬಾಯಿ ಬಿಟ್ಟಳು. “ಅಪ್ಪಾ, ಗದ್ದದ ಮ್ಯಾಲ ಕೂದಲಾ ಬರಾಕತ್ತಾವ. ಕಾಲೇಜಿನ್ಯಾಗ ನಗತಾರ. ಭಾಳ ದಣಿವಾಗತೈತಿ. ನನಗ ಬದುಕೂದ ಬ್ಯಾಡಾಗೇತಿ.”

ಜಿನ್ನಪ್ಪ ಕಟ್ಟೆಯಿಂದ ಎದ್ದು ಬಂದು ಮಗಳ ತಲೆಯ ಮೇಲೆ ಕೈ ಇಟ್ಟ. ಮರುದಿನ ಮೂವರೂ ದವಾಖಾನೆಗೆ ಹೋದರು.

ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮಾಡಿಸಿ ಡಾಕ್ಟರಮ್ಮ ಹೇಳಿದರು: “ಇದಕ್ಕ ಪಿಸಿಓಎಸ್ ಅಂತಾರ, ಹಾರ್ಮೋನಿನ ಏರುಪೇರು. ಬರೀ ಮುಟ್ಟಿನ ತೊಂದ್ರಿ ಅಲ್ರಿ ಇದು. ಮೈಯಾಗಿನ ಇನ್ಸುಲಿನ್ ಸರಿ ಕೆಲಸ ಮಾಡವಲ್ದು, ಕುತ್ತಿಗಿ ಕಪ್ಪಾಗಿದ್ದು ಅದಕ್ಕ. ಸಕ್ಕರಿ ಆಗಲೇ ಏರಾಕತ್ತೈತಿ. ಬಿಟ್ರ ಬಿಪಿ, ಕೊಲೆಸ್ಟ್ರಾಲು, ಲಿವರಿಗೆ ಕೊಬ್ಬು, ಎಲ್ಲಾ ಬರಬಹುದು.”

“ಪೂರಾ ಹೋಗತೈತೇನ್ರಿ?” ಜಿನ್ನಪ್ಪ ಕೇಳಿದ.

“ಇಲ್ಲ. ಹಿಡಿತದಾಗ ಇಡಬಹುದು. ಜ್ವಾಳದ ರೊಟ್ಟಿ, ಕಾಳು, ಪಲ್ಯ ಉಣಸ್ರಿ. ಕಾಕಂಬಿ, ಕಬ್ಬಿನಹಾಲು, ಸಿಹಿ ಚಹಾ ಕಡಿಮಿ ಮಾಡ್ರಿ. ದಿನಾ ಆಡಲಿ, ನಡೀಲಿ. ಗುಳಿಗಿ ನಮ್ಮನ್ನ ಕೇಳದ ಬಿಡಬ್ಯಾಡ್ರಿ.”

ಚಂದ್ರಮತಿ ಹೊರಗೆ ಬಂದು ಮಗಳನ್ನು ತಬ್ಬಿಕೊಂಡು ಅತ್ತಳು. ಇನ್ನು ಡಾಕ್ಟರಮ್ಮ ಹೇಳಿದಂತೆ ನಡೆಯುತ್ತಾರೆ, ನಿಜ. ಆದರೆ ಈ ಕಾಯಿಲೆ ಕೊನೆತನಕ ಹುಡುಗಿಯ ಜೊತೆಗೇ ಇರುತ್ತದೆ.

ಅವ್ವಂದಿರೇ, ಅಪ್ಪಂದಿರೇ, ಮಗಳಿಗೆ ಮೂರು ತಿಂಗಳಾದರೂ ಮುಟ್ಟಾಗದಿದ್ದರೆ, ತೂಕ ಏರುತ್ತಿದ್ದರೆ, ಕುತ್ತಿಗೆ ಕಪ್ಪಾದರೆ, ಮುಖದ ಮೇಲೆ ಕೂದಲು ಬಂದರೆ ಡಾಕ್ಟರಿಗೆ ತೋರಿಸಿ, ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಿ. ರೋಗ ನಿಮ್ಮ ಮುಹೂರ್ತ ನೋಡಿ ಬರುವುದಿಲ್ಲ. ಇವತ್ತೇ ಮಗಳನ್ನು ಹತ್ತಿರ ಕೂರಿಸಿಕೊಂಡು ಕೇಳಿ, ಬೈಯದೆ ಕೇಳಿ.