ನಂಜಿಕೊಳ್ಳಲು ಒಂದು ಚಮಚ

ಅನ್ನ ಬೀಳುವ ಮೊದಲು ತಟ್ಟೆಯ ಅಂಚಿಗೆ ಒಂದು ಚಮಚ ಪುಡಿ ಬೀಳಬೇಕು. ಹಾಲಮ್ಮತ್ತೆಯ ಮನೆಯಲ್ಲಿ ಅದು ಕಾನೂನು. ಉಣ್ಣುವವರು ಅದನ್ನು ಮುಟ್ಟಲಿ, ಬಿಡಲಿ, ತಟ್ಟೆಯಂಚು ಖಾಲಿ ಇರಕೂಡದು. "ಬರೀ ಅನ್ನ ಇಟ್ರೆ ಉಣ್ಣೋರ್ನ ಹಳಿದಂಗೆ ಕಣೇ. ನಂಜ್ಕಳಾಕೆ ಏನಾರ ಇರ್ಬೇಕು," ಎನ್ನುತ್ತಿದ್ದಳು. ಇಷ್ಟು ವರ್ಷಗಳಾದ ಮೇಲೂ ಅತ್ತೆಯನ್ನು ನೆನೆದರೆ ಅವಳ ಮುಖಕ್ಕಿಂತ ಮೊದಲು ಆ ಚಮಚ ಹಿಡಿದ ಕೈ ಕಣ್ಣಿಗೆ ಬರುತ್ತದೆ.

ಅವಳು ನನ್ನ ತಂದೆಯ ಅಕ್ಕ. ಮಕ್ಕಳಿರಲಿಲ್ಲ. ಮಾವ ತೀರಿಕೊಂಡ ಮೇಲೆ ಚಟ್ನಿಪುಡಿ, ಉಪ್ಪಿನಕಾಯಿ ಮಾಡಿ ಮಾರಿ ಬದುಕಿದವಳು. ಆ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಕನ್ನಡ ಕಲಿಸುವ ಕೆಲಸ ಸಿಕ್ಕಾಗ ನಾನು ಅವಳ ಮನೆಗೆ ಬಂದೆ. ಮುಂದಿನ ಕೋಣೆಯ ತುಂಬ ಭರಣಿಗಳು: ಶೇಂಗಾ, ಹುಚ್ಚೆಳ್ಳು, ಅಗಸೆ, ಒಣಕೊಬ್ಬರಿ. ಹೆಸರು ಮಾಡಿದ್ದು ಮಾತ್ರ ಬೆಳ್ಳುಳ್ಳಿ ಪುಡಿ. ಅತ್ತೆ ಅದನ್ನು ಕುಟ್ಟುವ ದಿನ ಬೀದಿಯ ಕೊನೆಯ ಮನೆಯವರಿಗೂ ಹಸಿವಾಗುತ್ತಿತ್ತು.

ಮನೆಯಲ್ಲಿ ನಮ್ಮಿಬ್ಬರ ಜೊತೆ ದಳವಾಯಿ ಇದ್ದ. ಕರುವಿನೆತ್ತರದ ನಾಯಿ. ಜಗಲಿಯ ಮೇಲೆ ಮುಂಗಾಲು ಚಾಚಿ ಕೂತರೆ ಗಿರಾಕಿಗಳು ಅಪ್ಪಣೆ ಕೇಳುವವರಂತೆ ಮೆಟ್ಟಿಲ ಕೆಳಗೇ ನಿಲ್ಲುತ್ತಿದ್ದರು. ಹೆಸರಿಗೆ ದಳವಾಯಿ, ಬೆಕ್ಕು ಕಂಡರೆ ಅತ್ತೆಯ ಸೆರಗಿನ ಹಿಂದೆ. ಮಾವ ತೀರಿಕೊಂಡ ವರ್ಷ ಅಂಗೈಯಗಲದ ಮರಿಯಾಗಿ ಬಂದವನು. ಆ ವರ್ಷವೆಲ್ಲ ಅತ್ತೆ ಮಾತಾಡಿದ್ದು ಅವನೊಬ್ಬನ ಜೊತೆಗೇ ಎಂದು ಅಪ್ಪ ಹೇಳುತ್ತಿದ್ದರು.

ಅತ್ತೆಯ ಕಾನೂನಿನಲ್ಲಿ ದಳವಾಯಿಗೂ ವಿನಾಯಿತಿ ಇರಲಿಲ್ಲ. ಅವನ ಅಗಲ ತಟ್ಟೆಗೂ ಮೊದಲು ಪುಡಿ, ಆಮೇಲೆ ಅನ್ನ. ಆದರೆ ಅವಳು ಎಚ್ಚರದ ಹೆಂಗಸು. ನಾಯಿಗೆ ಖಾರ ಆಗದು ಎಂದು ಮೆಣಸಿನಕಾಯಿ ಬಿಟ್ಟು ಅವನಿಗಾಗಿಯೇ ಬೇರೆ ಪುಡಿ ಮಾಡುತ್ತಿದ್ದಳು. ಖಾರ ಹೋದ ಮೇಲೆ ರುಚಿ ಬೇಡವೇ? ಅದಕ್ಕೆ ಬೆಳ್ಳುಳ್ಳಿಯನ್ನು ಎರಡು ಪಾಲು ಹಾಕಿ ತುಪ್ಪದಲ್ಲಿ ಹುರಿಯುತ್ತಿದ್ದಳು. ಆ ಭರಣಿಗೆ ಅಂಟಿಸಲು 'ದಳವಾಯಿ' ಎಂದು ಚೀಟಿ ಬರೆದುಕೊಟ್ಟವಳು ನಾನು. ದುಂಡಗಿನ ಅಕ್ಷರದಲ್ಲಿ, ಒತ್ತಕ್ಷರವಿಲ್ಲದ ಹೆಸರು ಎಂದು ತಮಾಷೆ ಮಾಡುತ್ತ ಬರೆದಿದ್ದೆ.

ಒಮ್ಮೆ ಕೇಳಿಯೂ ಇದ್ದೆ. "ಅತ್ತೆ, ನಾವು ನಂಜಿಕೊಳ್ಳೋದೆಲ್ಲ ನಾಯಿಗೆ ಆಗುತ್ತಾ?"

"ಅವನ ಗಾತ್ರ ನೋಡೇ! ಆಳು ತಿಂದಿದ್ದು ಅವನಿಗೆ ಆಗ್ದಂಗೆ ಇರ್ತೈತಾ? ಗೇಣುದ್ದದ ನಾಯಿ ಆಗಿದ್ರೆ ಬ್ಯಾರೆ ಮಾತು."

ನನಗೂ ಅದು ಸರಿಯೆನಿಸಿತು. ಅಷ್ಟು ದೊಡ್ಡ ಮೈಯಲ್ಲಿ ಒಂದು ಚಮಚ ಪುಡಿ ಎಲ್ಲಿಗೆ ಸಾಕು?

ಆ ಬೇಸಿಗೆ ದಳವಾಯಿ ಜಗಲಿ ಹತ್ತುವುದನ್ನು ಬಿಟ್ಟ. ಎರಡು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತುಬಿಡುತ್ತಿದ್ದ. ಒಸಡು ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು, ಉಚ್ಚೆ ಕಡುಚಹಾದ ಬಣ್ಣಕ್ಕೆ ತಿರುಗಿತ್ತು. ಪಶುವೈದ್ಯರು ಪಕ್ಕದ ಊರಿನಿಂದ ಸಂತೆಯ ದಿನ ಮಾತ್ರ ಬರುವವರು. ಸಂತೆಗೆ ಇನ್ನೂ ನಾಲ್ಕು ದಿನವಿತ್ತು.

ಅತ್ತೆ ಅವನ ಬಾಯಿ ಬಿಡಿಸಿ ನೋಡಿದಳು. "ನಂಜಾಗೈತೆ," ಎಂದಳು. "ಹಾಳಾದ್ದು ಎಲ್ಲೋ ಏನೋ ತಿಂದೈತೆ."

ನಂಜಿಗೆ ನಮ್ಮ ಮನೆತನಕ್ಕೆ ಗೊತ್ತಿದ್ದ ಮದ್ದು ಒಂದೇ, ಹಸಿ ಬೆಳ್ಳುಳ್ಳಿ. ಗಾಯವಾದರೂ ಅದೇ, ಹೊಟ್ಟೆ ಕೆಟ್ಟರೂ ಅದೇ. ಅತ್ತೆ ಜಜ್ಜಿ ಬೆಣ್ಣೆಯಲ್ಲಿ ಉಂಡೆ ಕಟ್ಟಿಕೊಟ್ಟಳು. ಅವಳು ಕೊಟ್ಟರೆ ದಳವಾಯಿ ಮುಖ ತಿರುಗಿಸುತ್ತಿದ್ದ. ನಾನು ಗದ್ದ ಹಿಡಿದು "ನನ್ನಪ್ಪ ಅಲ್ವಾ, ಬಾಯಿ ತೆಗಿ" ಎಂದರೆ ತೆಗೆಯುತ್ತಿದ್ದ. ಬೆಳಿಗ್ಗೆ ಒಂದು, ಶಾಲೆಯಿಂದ ಬಂದು ಒಂದು. ನಾಲ್ಕು ದಿನ ನಾನೇ ತಿನ್ನಿಸಿದೆ. ನುಂಗಿದ ಮೇಲೆ ಅವನು ನನ್ನ ಕೈ ನೆಕ್ಕುತ್ತಿದ್ದ, ನನಗೆ ಹೆಮ್ಮೆಯಾಗುತ್ತಿತ್ತು.

ಸಂತೆಯ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ವೈದ್ಯರು ಬಂದು ಹೋಗಿದ್ದರು. ಅತ್ತೆ ದಳವಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಏನಂದ್ರು?"

"ವಯಸ್ಸಾಗೈತಂತೆ."

"ಇವತ್ತಿನ ಉಂಡೆ ಕೊಡ್ಲಾ?"

"ಬ್ಯಾಡ," ಎಂದಳು ಅತ್ತೆ. ದನಿ ಗದರಿದಂತಿತ್ತು. ಆಮೇಲೆ ಮೆಲ್ಲಗೆ, "ಸಾಕು ಬಿಡವ್ವ. ಅದಕ್ಕೂ ಬ್ಯಾಸರ ಆಗಿರ್ತೈತೆ," ಎಂದಳು.

ಮರುದಿನ ಮಧ್ಯಾಹ್ನ ದಳವಾಯಿ ಸತ್ತುಹೋದ. ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಗುಂಡಿ ತೋಡಿಸಿದೆವು. ಅತ್ತೆ ಒಳಗೆ ಹೋಗಿ ಚೀಟಿ ಅಂಟಿಸಿದ್ದ ಭರಣಿಯನ್ನು ತಂದು, ಪುಡಿಯ ಸಮೇತ ಗುಂಡಿಯೊಳಗಿಟ್ಟಳು. "ಅವನ ಪಾಲು ಅವನ ಜೊತೆಗೇ ಹೋಗ್ಲಿ," ಎಂದಳು. ಪ್ರೀತಿ ಎಂದರೆ ಇದು ಎಂದುಕೊಂಡು ನಾನು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅವಳ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ.

ಅದಾದ ಮೇಲೆ ಅವಳು ಬೆಳ್ಳುಳ್ಳಿ ಪುಡಿ ಮಾಡಲೇ ಇಲ್ಲ. ಕೇಳಿ ಬಂದವರಿಗೆ "ಸುಲಿಯಾಕೆ ಬೆರಳು ಬಗ್ಗಲ್ಲ ಕಣ್ರಪ್ಪ" ಎನ್ನುತ್ತಿದ್ದಳು. ಅದೇ ಬೆರಳು ಹುಣಸೆಹಣ್ಣಿನ ಬೀಜ ಬಿಡಿಸುವುದನ್ನು ನಾನು ದಿನವೂ ನೋಡುತ್ತಿದ್ದೆ. ಇನ್ನೊಂದನ್ನೂ ನೋಡಿದೆ, ನೋಡಿಯೂ ಲಕ್ಷ್ಯ ಕೊಡಲಿಲ್ಲ. ನನ್ನ ತಟ್ಟೆಗೆ ಎಂದಿನಂತೆ ಶೇಂಗಾ ಪುಡಿಯೋ ಉಪ್ಪಿನಕಾಯಿಯೋ ಬೀಳುತ್ತಿತ್ತು. ಅವಳ ತಟ್ಟೆಯಲ್ಲಿ ಬರೀ ಅನ್ನ, ತಿಳಿಮಜ್ಜಿಗೆ. ಕೇಳಿದರೆ "ನಾಲಗೆ ಸತ್ತೈತೆ" ಎನ್ನುತ್ತಿದ್ದಳು. ವಯಸ್ಸು ಎಂದುಕೊಂಡೆ.

ಆರು ವರ್ಷ ಕಳೆದ ಮೇಲೆ ಒಂದು ಸಂತೆಯ ದಿನ, ಬಸ್ಸಿಗೆ ಕಾಯುತ್ತ ಕೂತಿದ್ದ ಆ ಪಶುವೈದ್ಯರು ಸಿಕ್ಕಿದರು. ನಿವೃತ್ತರಾಗಿದ್ದರು. ನಾನು ಇಂಥವರ ಮನೆಯವಳು ಎಂದಾಗ ಗುರುತು ಹಿಡಿದರು.

"ಆ ದೊಡ್ಡ ನಾಯಿ! ಪಾಪ, ಬೆಳ್ಳುಳ್ಳಿಯಿಂದ ಹೋಯ್ತಲ್ಲಮ್ಮ."

ನನಗೆ ಅರ್ಥವಾಗಲಿಲ್ಲ. ಅವರು ತಾಳ್ಮೆಯಿಂದ ವಿವರಿಸಿದರು. "ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಾನೇ ಒಡೆದು ಹಾಕ್ತವೆ. ಖಾರಕ್ಕಿಂತ ಅದೇ ಕೆಟ್ಟದ್ದು. ನಾಯಿ ದೊಡ್ಡದು, ಏನಾಗುತ್ತೆ ಅಂತ ಜನ ತಿಳ್ಕೊಂಡಿರ್ತಾರೆ. ದೊಡ್ಡದಾದ್ರೆ ತಡ ಆಗ್ತದೆ ಅಷ್ಟೇ. ಪುಡಿ ಒಂದೇ ಆಗಿದ್ರೆ ನಿಲ್ಲಿಸಿ ಉಳಿಸ್ಕೋಬಹುದಿತ್ತೋ ಏನೋ. ಕೊನೇಲಿ ಆ ಹಸಿ ಉಂಡೆ ಕೊಟ್ರಲ್ಲ, ಅದು ಮುಗಿಸಿಬಿಡ್ತು."

"ಇದನ್ನ ಅತ್ತೆಗೆ ಹೇಳಿದ್ರಾ?"

"ಅವತ್ತೇ ಹೇಳ್ದೆ. ಉಂಡೆ ತಿನ್ನಿಸಿದ್ದು ಯಾರು ಅಂತ ಕೇಳಿದ್ದಕ್ಕೆ, ನಾನೇ ಅಂದ್ರು. ಮನೇಲಿ ತಮ್ಮನ ಮಗಳು ಇದಾಳೆ, ಅವಳ ಕಿವಿಗೆ ಹಾಕಬೇಡಿ ಅಂತ ಕೈ ಮುಗಿದ್ರು." ಅಷ್ಟು ಹೇಳಿ ನನ್ನ ಮುಖ ನೋಡಿದವರು ಬಸ್ಸು ಬರುವ ದಿಕ್ಕಿಗೆ ತಿರುಗಿಕೊಂಡರು.

ನಂಜು, ನಂಜಿಕೊಳ್ಳು. ಎರಡನ್ನೂ ಹಲಗೆಯ ಮೇಲೆ ಬರೆದು, ಕೇಳಲು ಒಂದೇ ಥರ, ಅರ್ಥ ಬೇರೆ ಎಂದು ಮಕ್ಕಳಿಗೆ ಎಷ್ಟು ಸಲ ಪಾಠ ಹೇಳಿದ್ದೆನೋ. ಮನೆಯ ದಾರಿಯುದ್ದಕ್ಕೂ ನನ್ನ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನಡೆದೆ. ಅವನು ನೆಕ್ಕಿದ್ದು ಆ ಕೈಯನ್ನೇ.

ಅತ್ತೆ ಊಟಕ್ಕೆ ಕಾಯುತ್ತಿದ್ದಳು. ಅಂದು ಬಡಿಸಿದವಳು ನಾನು. ಅವಳಿಗೆ ಬರೀ ಅನ್ನ ಹಾಕಿದೆ. ನನ್ನ ತಟ್ಟೆಗೂ ಬರೀ ಅನ್ನ ಹಾಕಿಕೊಂಡು ಎದುರಿಗೆ ಕೂತೆ.

ಅತ್ತೆ ನನ್ನ ತಟ್ಟೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಯಾರು ಸಿಕ್ಕಿದ್ರು ಸಂತೇಲಿ?"

"ಡಾಕ್ಟ್ರು."

ಮಜ್ಜಿಗೆ ಕಲಸಿದ ಅನ್ನದಲ್ಲಿ ಅವಳ ಬೆರಳು ಹಾಗೇ ನಿಂತಿತು. ಆಮೇಲೆ ಮಂಡಿಯ ಮೇಲೆ ಎಡಗೈ ಊರಿ ಎದ್ದಳು. ಕೈ ತೊಳೆದು ಮುಂದಿನ ಕೋಣೆಗೆ ಹೋದಳು. ಭರಣಿಯ ಮುಚ್ಚಳ ತೆಗೆದ ಸದ್ದು ಕೇಳಿತು. ಬಂದು, ಬಾಗಿ, ನನ್ನ ತಟ್ಟೆಯ ಅಂಚಿಗೆ ಒಂದು ಚಮಚ ಶೇಂಗಾ ಪುಡಿ ಹಾಕಿದಳು.

"ಬರೀ ಅನ್ನ ಉಣ್ಣಬಾರದು ಕಣೇ," ಎಂದಳು. "ನಂಜ್ಕಂಡು ಉಣ್ಣು."

ಆಮೇಲೆ ತನ್ನ ತಟ್ಟೆಯ ಮುಂದೆ ಕೂತು, ಬರೀ ಅನ್ನವನ್ನು ಉಣ್ಣತೊಡಗಿದಳು.