ಬಿಂದಿಗೆಯ ಒಳಮೈ

ಸುರೇಶಣ್ಣನ ಪಾತ್ರೆ ಅಂಗಡಿಯಿಂದ ರಿಪೇರಿಗೆ ಬಂದ ಮೂಟೆ ಬಿಚ್ಚಿದರೆ, ಮೇಲೇ ಒಂದು ಹಿತ್ತಾಳೆ ಬಿಂದಿಗೆ. ಕುತ್ತಿಗೆ ಸೊಟ್ಟ, ಹೊಟ್ಟೆ ನಗ್ಗು. ಚೀಟಿಯಲ್ಲಿ 'ವೆಂಕಟರತ್ನಮ್ಮ, ಗೌನಿಪಲ್ಲಿ. ಶುಕ್ರವಾರ ಗೃಹಪ್ರವೇಶ, ಅರ್ಜೆಂಟ್' ಎಂದಿತ್ತು. ವೆಂಕಟರತ್ನಮ್ಮ ನನ್ನ ಅತ್ತೆಯಾಗಿದ್ದವಳು. ಶ್ರೀನಿವಾಸಪುರದಲ್ಲಿ ಪಾತ್ರೆ ನೆಟ್ಟಗೆ ಮಾಡುವವಳು ಈ ಸುನಂದ ಎಂದು ಪಾಪ, ಆಕೆಗೆ ಗೊತ್ತಿಲ್ಲ.

ಈ ಕೆಲಸಕ್ಕೆ ನನ್ನನ್ನು ಹಚ್ಚಿದ್ದೂ ಆಕೆಯೇ. ನಾಲ್ಕು ವರ್ಷದ ಹಿಂದೆ ಮಗನಿಂದ ಬಿಡುಗಡೆ ಕೊಡಿಸಿದಾಗ, ನನ್ನ ಮದುವೆಯ ಪಾತ್ರೆಗಳನ್ನೆಲ್ಲ ತುಳಿದು ಸೊಟ್ಟ ಮಾಡಿ ಅಂಗಳಕ್ಕೆ ಎಸೆದಳು. ತವರಿಗೆ ತಂದು ಒಂದೊಂದನ್ನೇ ಸರಿ ಮಾಡಿದೆ. ಸಿಟ್ಟಿನಿಂದ ಹೊಡೆದರೆ ಹಿತ್ತಾಳೆ ಸೀಳುತ್ತದೆ. ಕಾಯಿಸಿ, ಮೆತ್ತಗಾದ ಮೇಲೆ ಮರದ ಸುತ್ತಿಗೆಯಲ್ಲಿ ತಟ್ಟಬೇಕು. ಅಷ್ಟು ತಾಳ್ಮೆ ಕಲಿಯುವಷ್ಟರಲ್ಲಿ ಎರಡು ತಪ್ಪಲೆ ಹಾಳಾದವು.

ಹಿಂದಿರುಗಿದ ಪಾತ್ರೆಗಳಲ್ಲಿ ದೊಡ್ಡ ಬಿಂದಿಗೆ ಮಾತ್ರ ಇರಲಿಲ್ಲ. ಅಪ್ಪ ಪಂಚಾಯ್ತಿಯಲ್ಲಿ ಕೇಳಿದರು. "ಕೊಡದೇ ಇರೋ ಬಿಂದಿಗೆ ಎಲ್ಲಿಂದ ತರ್ಲಿ? ಈ ಮುನಿಕೃಷ್ಣಪ್ಪಂಗೆ ಸುಳ್ಳೇ ಬಂಡವಾಳ" ಎಂದಳು ಅತ್ತೆ. ನ್ಯಾಯ ಹೇಳಲು ಕೂತಿದ್ದ ಆಂಜಿನಮ್ಮನವರೂ ಅದನ್ನೇ ನಂಬಿದರು. ಅವತ್ತಿನಿಂದ ಅಪ್ಪ ಸಂತೆಯಲ್ಲಿ ಗೌನಿಪಲ್ಲಿಯವರು ಕಂಡರೆ ಪಕ್ಕದ ಓಣಿಗೆ ತಿರುಗುತ್ತಾರೆ. 

ಈಗ ಇದೇ ಆ ಬಿಂದಿಗೆಯೋ? ಕುತ್ತಿಗೆಯ ಕೆಳಗೆ, ಹೆಸರು ಹಾಕಿಸುವ ಜಾಗವನ್ನು ಅರದಿಂದ ನುಣ್ಣಗೆ ಉಜ್ಜಿದ್ದರು. ಭಲೇ ಬುದ್ಧಿವಂತರು! ನಾನು ಕೈ ಒಳಗೆ ಇಳಿಸಿದೆ. ಹೊರಗಿನಿಂದ ಚುಕ್ಕೆ ಚುಕ್ಕೆಯಾಗಿ ಹೆಸರು ಹೊಡೆದರೆ ಒಳಗೆ ಗುಳ್ಳೆ ಏಳುತ್ತದೆ. ಗುಳ್ಳೆಗಳೆಲ್ಲ ತಿರುಗುಮುರುಗು ಅಕ್ಷರಗಳಾಗಿ ಹಾಗೇ ಇದ್ದವು. ಬೆರಳಿಗೆ ಅಪ್ಪನ ಹೆಸರು ಸಿಕ್ಕಿತು, ಅದರ ಪಕ್ಕ ನನ್ನದು.

ಎರಡು ದಿನ ಹಿಡಿದು, ಹೆಸರಿನ ಜಾಗ ಬಿಟ್ಟು ಉಳಿದದ್ದನ್ನೆಲ್ಲ ತಟ್ಟಿ ನೆಟ್ಟಗೆ ಮಾಡಿದೆ. ಹೊರಗೆ ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿದೆ. ಒಳಗೆ ಮುಟ್ಟಲಿಲ್ಲ, ಆ ಹೆಸರು ನಾನು ಈಗ ಹೊಡೆದದ್ದಲ್ಲ ಎನ್ನುವುದಕ್ಕೆ ಹಳೆಯ ಕಪ್ಪೇ ನನ್ನ ಸಾಕ್ಷಿ. ಸುರೇಶಣ್ಣನಿಗೆ ನಾನೇ ತಲುಪಿಸುತ್ತೇನೆಂದು ಹೇಳಿ, ಶುಕ್ರವಾರ ಬೆಳಗ್ಗೆ ಅಪ್ಪನನ್ನೂ ಹೊರಡಿಸಿದೆ. ಬರುವುದಿಲ್ಲ ಎಂದರು. ಬಿಂದಿಗೆಯಲ್ಲೇನಿದೆ ಎಂದು ಹೇಳಿದೆ. ಇಸ್ತ್ರಿ ಮಾಡಿದ ಅಂಗಿ ಹುಡುಕತೊಡಗಿದರು.

ತುಂಬಿದ ಬಿಂದಿಗೆ ಇಲ್ಲದೆ ಹೊಸಿಲು ದಾಟುವಂತಿಲ್ಲ, ಹೊಸ ಮನೆಯ ಮುಂದೆ ಎಲ್ಲರೂ ಅದಕ್ಕೇ ಕಾಯುತ್ತಿದ್ದರು.

"ಏಮೇ, ನಿನ್ನ ಯಾರೇ ಕರೆದೋರು?" ಎಂದಳು ವೆಂಕಟರತ್ನಮ್ಮ.

"ನಿಮ್ಮ ಬಿಂದಿಗೆ ರಿಪೇರಿ ಮಾಡಿದೋಳು ನಾನೇ" ಎಂದು, ನೆಂಟರ ಮುಂದೆಯೇ ನಿಂತಿದ್ದ ಆಂಜಿನಮ್ಮನವರ ಕೈಗೇ ಕೊಟ್ಟೆ. "ಅಮ್ಮಾ, ಅಡುಗೆಯೋರ ಹತ್ರ ಒಂದು ಉಂಡೆ ಪೂರಿ ಹಿಟ್ಟು ತರಿಸಿ. ಒಳಗೆ ಈ ಜಾಗಕ್ಕೆ ಒತ್ತಿ ತೆಗೀರಿ."

"ಒಳ್ಳೆ ದಿನ ಇದೇನಿದು ಹುಚ್ಚು! ಕೊಡಿ ಇಲ್ಲಿ" ಎಂದು ವೆಂಕಟರತ್ನಮ್ಮ ಕೈ ಚಾಚಿದಳು. ಅವಳ ಗಾಬರಿ ನೋಡಿಯೇ ಆಂಜಿನಮ್ಮನವರು ಹಿಟ್ಟು ತರಿಸಿದರು. ಒತ್ತಿದರು, ತೆಗೆದರು, ಕನ್ನಡಕ ಸರಿ ಮಾಡಿಕೊಂಡರು.

"ಮುನಿಕೃಷ್ಣಪ್ಪ," ಎಂದು ಓದಿದರು. "ಮಗಳು ಸುನಂದ."

"ಜೋರಾಗಿ ಓದಿ ಅಮ್ಮಾ. ಅವತ್ತು ತೀರ್ಪು ಜೋರಾಗೇ ಹೇಳಿದ್ರಿ."

ಅವರು ತಲೆ ಎತ್ತದೆ, ಜೋರಾಗಿ ಓದಿದರು. ಹಿಟ್ಟು ಕೈಯಿಂದ ಕೈಗೆ ಹೋಯಿತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

"ತಗೊಂಡು ತೊಲಗು" ಎಂದು ವೆಂಕಟರತ್ನಮ್ಮ ಬಿಂದಿಗೆ ನನ್ನತ್ತ ತಳ್ಳಿದಳು.

ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. "ಬೇಡ, ಇಟ್ಕೊಳ್ಳಿ. ದಿನಾ ನೀರು ತುಂಬ್ಕೊಳ್ಳಿ. ಹೊರಗಡೆ ಇನ್ನೊಂದ್ಸಲ ಅರದಲ್ಲಿ ಉಜ್ಜಿದ್ರೆ ತೂತು ಬೀಳುತ್ತೆ. ಒಳಗಿನ ಗುಳ್ಳೆ ತಟ್ಟೋದು ಈ ಸೀಮೇಲಿ ನನಗೊಬ್ಬಳಿಗೇ ಗೊತ್ತು. ನಾನು ತಟ್ಟಲ್ಲ."

ಅಷ್ಟರಲ್ಲಿ ಗೇಟಿನ ಹೊರಗೆ ನಿಂತಿದ್ದ ಅಪ್ಪ ಒಳಗೆ ಬಂದರು. ಯಾರೂ ಕರೆದಿರಲಿಲ್ಲ. ಎಲ್ಲರ ನಡುವಿನ ಕುರ್ಚಿ ಎಳೆದುಕೊಂಡು ಕೂತು, ವೆಂಕಟರತ್ನಮ್ಮನ ಮುಖವನ್ನೇ ನೋಡಿದರು.

"ಬಾಯಾರ್ತಾ ಇದೆ ಬೀಗರೇ. ನನ್ನ ಬಿಂದಿಗೇಲಿ ಒಂದು ಲೋಟ ನೀರು ಕೊಡಿ."