‘ಆಗಲ್ಲ’ ಅನ್ನುವ ಪಾಠ

ಯಾರು ಏನು ಹೇಳಿದರೂ “ಆಯ್ತು” ಎನ್ನುತ್ತಿದ್ದ ಕಿರಿಯ ಅಧ್ಯಾಪಕಿಗೆ ವಿಭಾಗದಲ್ಲಿ ಆಯ್ತಮ್ಮ ಎಂದೇ ಹೆಸರು ಬಿದ್ದಿತ್ತು. ಅವಳಿಗೆ ದಾರಿ ತೋರಿಸುವ ಹೊಣೆ ಹಿರಿಯ ಪ್ರೊಫೆಸರಮ್ಮನದು. ಊಟದ ಬಿಡುವಿನಲ್ಲಿ ಅವಳನ್ನು ತಮ್ಮ ಕೋಣೆಗೆ ಕರೆಸಿ ಬಾಗಿಲು ಹಾಕಿದರು.

“ನಿನ್ನ ಕೆಲಸ ಕಾಯಂ ಮಾಡೋರು ಪ್ರಬಂಧ ಎಲ್ಲಿ ಅಂತ ಕೇಳ್ತಾರೆ ಕಣೇ, ಎಷ್ಟು ಜನರ ಚಾಕರಿ ಮಾಡಿದೆ ಅಂತಲ್ಲ. ‘ಆಗಲ್ಲ’ ಅನ್ನೋದು ಕಲಿ. ಈಗ ನಾನೇ ವಿಭಾಗದ ಮುಖ್ಯಸ್ಥ ಅಂದ್ಕೋ. ಏನಮ್ಮಾ, ವಿಚಾರ ಸಂಕಿರಣದ ಓಡಾಟ ಎಲ್ಲಾ ನೀನೇ ನೋಡ್ಕೊಂಡ್ಬಿಡು!”

ಅವರು ಮುಖ್ಯಸ್ಥರಂತೆ ಹೊಟ್ಟೆ ಮುಂದೆ ಮಾಡಿ ಗಂಟಲು ಸರಿಮಾಡಿಕೊಂಡ ರೀತಿಗೆ ಆಯ್ತಮ್ಮ ನಕ್ಕುಬಿಟ್ಟಳು. ಆಮೇಲೆ “ಆಗಲ್ಲ ಸಾರ್, ಪ್ರಬಂಧ ಬರೀಬೇಕು” ಎಂದಳು. ಮೊದಲು ಪಿಸುಗುಟ್ಟಿದಳು, ಹೇಳುತ್ತ ಹೇಳುತ್ತ ದನಿ ಖಡಕ್ಕಾಯಿತು.

“ಭೇಷ್! ಯಾರೇ ಕೇಳಲಿ, ಹೀಗೇ ಹೇಳ್ಬೇಕು.”

ಹೊರಡಲು ಎದ್ದವಳ ಕಣ್ಣು ಮೇಜಿನ ಮೇಲಿದ್ದ ಉತ್ತರಪತ್ರಿಕೆಗಳ ಕಟ್ಟಿನ ಮೇಲೆ ಬಿತ್ತು. ಅವು ಪ್ರೊಫೆಸರಮ್ಮನ ತರಗತಿಯವು. ಪ್ರತಿ ಪರೀಕ್ಷೆಗೂ ಅವನ್ನು ತಿದ್ದಿಕೊಡುತ್ತಿದ್ದವಳು ಆಯ್ತಮ್ಮನೇ.

“ಇವು ಯಾವಾಗ ಬೇಕು ಮೇಡಂ?”

ಪ್ರೊಫೆಸರಮ್ಮನ ಮುಖ ಪೆಚ್ಚಾಯಿತು. ನಾಚಿಕೆಯೇನೋ ಆಯಿತು. “ಬೇಡ, ಇಲ್ಲೇ ಬಿಡು” ಎಂದಿದ್ದರೆ ಸಾಕಿತ್ತು. ಆದರೆ ಅವರ ಪುಸ್ತಕದ ಕೊನೆಯ ಅಧ್ಯಾಯ ಇನ್ನೂ ಅರ್ಧವೂ ಆಗಿರಲಿಲ್ಲ.

“ಸೋಮವಾರ,” ಎಂದರು, ಕಿಟಕಿಯ ಕಡೆ ನೋಡುತ್ತ.

“ಆಯ್ತು ಮೇಡಂ.”

ಕಟ್ಟು ಭಾರವಿತ್ತು. ಎರಡೂ ಕೈಯಲ್ಲಿ ಅದನ್ನು ಎದೆಗವಚಿಕೊಂಡವಳಿಗೆ ಪ್ರೊಫೆಸರಮ್ಮ ತಾವೇ ಎದ್ದುಹೋಗಿ ಬಾಗಿಲು ತೆಗೆದುಕೊಟ್ಟರು. ಅಷ್ಟಾದರೂ ಮಾಡಬೇಡವೇ!